ಕಣ್ಣು ಬಿಟ್ಟು

ಮಾರ್ಚ್ ಬಿಸಿಲು, ಹಳೇ ಪಿ.ಬಿ. ರಸ್ತೆ,
ಶೆಡ್ಡಿನ ತಗಡು ಹನ್ನೊಂದಕ್ಕೇ ಟಿಣ್ಣೆನ್ನುತ್ತದೆ.
ಸೀಲರು ಈ ಊರಲ್ಲಿ ಕಾಯುವುದಿಲ್ಲ.
ಗನ್ನಿನಿಂದ ಇಳಿದು ಎಂಟು ನಿಮಿಷಕ್ಕೆ
ಕೆನೆ ಕಟ್ಟುತ್ತದೆ, ಆಮೇಲೆ ಬೆರಳಿಟ್ಟರೆ
ಆರಿದ ಹಾಲಿನ ಹಾಗೆ ಮಡಿಕೆ ಮಡಿಕೆ.

ಅದಕ್ಕೇ ನಸುಕಿಗೆ ಬರುತ್ತೇನೆ,
ಮಂಡಕ್ಕಿ ಭಟ್ಟಿಗಳ ಹೊಗೆ ಇನ್ನೂ ಮೇಲೇಳದ ಹೊತ್ತಿಗೆ.
ಭಟ್ಟಿಯ ಧೂಳು ಪ್ರೈಮರಿನ ಮೇಲೆ ಕೂತರೆ
ಸೀಲರು ಧೂಳನ್ನು ಹಿಡಿಯುತ್ತದೆ, ತಗಡನ್ನಲ್ಲ.
ಗೌಸ್‌ಪೀರ್ ಉಸ್ತಾದರು ಕಲಿಸಿದ್ದು, ಬೈದು.

ಈ ಫಿಯೆಟ್ಟು ಎಪ್ಪತ್ತೆಂಟರದ್ದು,
ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಾಲಮ್ಮನವರದು.
ಬಾಗಿಲ ಕೆಳತುದಿ ತುಕ್ಕಿಗೆ ಹೋಗಿದೆ,
ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದ ಸದ್ದು.

ಒಳಮಡಿಕೆ ಬಿಚ್ಚಿದೆ.
ಚಹಾದ ಬಣ್ಣಕ್ಕೆ ತಿರುಗಿದ ಹಳೆ ಸೀಲರು
ಉಳಿ ತಾಗಿಸಿದರೆ ಒಂದೇ ಪಟ್ಟಿಯಾಗಿ ಎದ್ದು ಬಂತು.
ಯಾರೋ ಅಚ್ಚುಕಟ್ಟಿನವನು. ಏರಿಲ್ಲ, ತಗ್ಗಿಲ್ಲ,
ಎರಡೂ ಅಂಚಿಗೆ ಟೇಪು ಹಚ್ಚಿ ಎಳೆದ ಗೆರೆ.
ಮೆಚ್ಚಿಕೊಂಡೆ. ಆಮೇಲೆ ನೋಡಿದೆ,
ಪಟ್ಟಿಯ ಕೊನೆಗೆ ಹೆಬ್ಬೆರಳಿನ ಗುರುತು,
ಸುಳಿಗೆರೆಗಳ ನಡುವೆ ಅಡ್ಡಕ್ಕೊಂದು ಬೋಳು ಕಲೆ.

ನನ್ನ ಹೆಬ್ಬೆರಳು ನೋಡಿಕೊಂಡೆ.
ಗ್ಯಾಸ್ ಟಾರ್ಚು ಕಚ್ಚಿದ ಜಾಗ,
ಕೆಲಸಕ್ಕೆ ಸೇರಿದ ಎರಡನೇ ವಾರ.

ಆ ದಿನ ನೆನಪಿದೆ. ಮೊದಲ ಸಲ ಉಸ್ತಾದರು
ಗನ್ನು ನನ್ನ ಕೈಗಿಟ್ಟು ನಮಾಜಿಗೆ ಹೊರಟರು.
ನಳಿಕೆ ಓರೆಗೆ ಕತ್ತರ್ಸಲೇ, ಮೆಹಂದಿ ಕೋನಿನಷ್ಟು ಸಣ್ಣ.
ತಳ್ಳಬ್ಯಾಡ, ಎಳಿ. ಉಸಿರು ಹಿಡಿದು ಒಂದು ಮೊಳ,
ನಿಲ್ಲು, ಮತ್ತೊಂದು ಮೊಳ.
ಬೆರಳು ಸೋಪಿನ ನೀರಿಗೆ ಅದ್ದಿ ಒಂದೇ ಸಲ ಸವರು,
ಎರಡನೇ ಸಲ ಸವರಿದ್ಯೋ, ಅದು ನಿನ್ನ ಆಸೆ, ಕೆಲ್ಸ ಅಲ್ಲ.
ಟೇಪು ಹಸಿ ಇದ್ದಾಗ್ಲೇ ಕೀಳು.
ಗೇಟಿನ ಹತ್ತಿರ ಹೋಗಿ ಮತ್ತೆ ಕೂಗಿದರು:
ಕಣ್ಣು ಬಿಟ್ಟು ಹಚ್ಚಲೇ, ತಿಪ್ಪೇಶಿ!

ಕಣ್ಣು ಬಿಟ್ಟೇ ಹಚ್ಚಿದೆ. ರೆಪ್ಪೆ ಬಡಿಯದೆ.
ಬಾಗಿಲ ತಳದಲ್ಲಿ ಮೂರು ಸಣ್ಣ ತೂತು,
ಕಡಲೆಕಾಳಿನಷ್ಟು. ತುಕ್ಕು ತಿಂದದ್ದೆಂದುಕೊಂಡೆ.
ಅವನ್ನೂ ತುಂಬಿ ಮೇಲೆ ನುಣ್ಣಗೆ ಸವರಿದೆ,
ಎಷ್ಟು ನುಣ್ಣಗೆ ಅಂದರೆ, ಬಂದು ನೋಡಿದ ಉಸ್ತಾದರು
ಮೊದಲ ಬಾರಿಗೆ ಬೈಯಲಿಲ್ಲ.
ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು.
ಯಾರಿಗೂ ಹೇಳಿರಲಿಲ್ಲ.

ಗಾಜಿನ ಸಂದಿಯಿಂದ ಇಳಿಯುವ ನೀರು ಇಳಿದೇ ಇಳಿಯುತ್ತದೆ,
ಅದನ್ನು ಪೂರಾ ತಡೆಯುವ ಸೀಲರು ಇನ್ನೂ ಬಂದಿಲ್ಲ.
ಇಪ್ಪತ್ತಾರು ಮಳೆಗಾಲ, ವಾರಕ್ಕೊಂದು ತೊಳೆತ,
ಹೋಗಲು ದಾರಿಯಿಲ್ಲದೆ ಒಳಗೇ ನಿಂತಿತು
ನನ್ನ ಅಚ್ಚುಕಟ್ಟಿನ ಮೇಲೆ.

ಹಾಲಮ್ಮನವರು ಬಂದಾಗ ಪಟ್ಟಿ ಮುಂದಿಟ್ಟು ಹೇಳಿದೆ.
ಮುಚ್ಚಿಡಬಹುದಿತ್ತು. ಮುಚ್ಚಿದ್ದು ಸಾಕಾಗಿತ್ತು.
ಅವರು ಕನ್ನಡಕ ಏರಿಸಿ ಗುರುತು ನೋಡಿದರು,
ಪಟ್ಟಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು.
"ಎಂತೆಂಥ ಹುಡುಗ್ರು ಬರ್ತಿದ್ರಪ್ಪ, ಕೀ ನೋಡ್ದೆ ಬಡಿಯೋರು,
ಒಂದಕ್ಷರ ತಪ್ಪಿಲ್ಲ. ಸ್ಪೇಸ್ ಬಿಡೋದೇ ಮರೀತಿದ್ರು."
ಸ್ವಲ್ಪ ತಡೆದು, "ಬಾಗಿಲಿನ ದುಡ್ಡು ನಾ ಕೊಡಲ್ಲ."

ಬ್ಯಾಡ ಬಿಡ್ರಿ, ಅಂದೆ.

ಈಗ ಆರು ಗಂಟೆ. ಹೊಸ ತಗಡು, ಬೂದು ಪ್ರೈಮರು.
ಮೂರು ತೂತಿಗೂ ಮೂರು ಬೆಂಕಿಕಡ್ಡಿ ಸಿಗಿಸಿದ್ದೇನೆ.
ಉಸ್ತಾದರ ಮೊಮ್ಮಗ ಜಬೀವುಲ್ಲಾ ಗನ್ನು ಹಿಡಿದು ನಿಂತಿದ್ದಾನೆ,
ಕಡ್ಡಿ ಯಾಕೆ ಮಾಮು, ಅಂತಾನೆ.
ನಳಿಕೆಯ ತುದಿಗೆ ಆಗಲೇ ಒಂದು ಹನಿ ಮೂಡಿದೆ.

ಗನ್ನು ಕೆಳಗಿಡಿಸಿ ಪಕ್ಕಕ್ಕೆ ಕೂರಿಸಿಕೊಂಡೆ,
ಒಂದು ಕಡ್ಡಿ ತೆಗೆದು ಅವನ ಬೆರಳನ್ನು ತೂತಿಗೆ ಇಟ್ಟೆ.
ಸೀಲರು ಕಾಯುವುದಿಲ್ಲ, ಗೊತ್ತು.
ಒಂದು ನಿಮಿಷ.